ಕೆಡ್ಡಸದ ಎಣ್ಣೆ

(ಉಡುಪಿ ಹತ್ತಿರದ ಹಳ್ಳಿಯೊಂದರ ಯುವಕ ಮಂಡಲದವರು ವನಮಹೋತ್ಸವದ ಮುನ್ನಾದಿನ ಕರೆದಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತುಸು ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಹಿಂದೆ ಕುಳಿತವರಿಗೆ ಕೇಳಿಸದೆ ಹೋದರೆ ದಯವಿಟ್ಟು ಕೈ ಎತ್ತಿ, ಗಟ್ಟಿಯಾಗಿ ಹೇಳುತ್ತೇನೆ.

ಪ್ರಕೃತಿಗೆ ನಾವು ಏನನ್ನು ಮರಳಿ ಕೊಡಬಹುದು ಎಂಬ ವಿಷಯದ ಮೇಲೆ ಮಾತಾಡಿ ಎಂದಿದ್ದಾರೆ. ಈ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಅಜ್ಜಿಯ ಕೈ. ತುಳುವರ ಪೊನ್ನಿ ತಿಂಗಳ 27ಕ್ಕೆ ಶುರುವಾಗುವ ಕೆಡ್ಡಸ ನಿಮಗೆಲ್ಲ ಗೊತ್ತು, ಫೆಬ್ರವರಿ ಎರಡನೆಯ ವಾರದ ಹೊತ್ತಿಗೆ ಬರುತ್ತದೆ. ಭೂಮಿ ಮುಟ್ಟಾಗಿದ್ದಾಳೆ ಎಂದು ಆ ಮೂರು ದಿನ ಹಾರೆ ಎತ್ತುವ ಹಾಗಿಲ್ಲ, ನೇಗಿಲು ಇಳಿಸುವ ಹಾಗಿಲ್ಲ. ಕೊನೆಯ ದಿನ ಅಜ್ಜಿ ಬೆಳಗ್ಗೆಯೇ ತುಳಸಿಕಟ್ಟೆಯ ಎದುರು ಸಗಣಿ ಸಾರಿಸಿ, ಬಾಳೆಲೆಯ ತುಂಡಿನಲ್ಲಿ ಸೀಗೆ, ಅರಸಿನ, ಕುಂಕುಮ ಇಟ್ಟು, ಪಕ್ಕದಲ್ಲಿ ಒಂದು ಬಾಚಣಿಗೆ ಇಡುತ್ತಿದ್ದರು. ಆಮೇಲೆ ಚಿಕ್ಕ ಗಿಂಡಿಯಿಂದ ತೆಂಗಿನೆಣ್ಣೆಯನ್ನು ನೆಲಕ್ಕೆ ಎರೆಯುತ್ತಿದ್ದರು. ಎಣ್ಣೆ ಒಮ್ಮೆ ಗುಂಡಗೆ ನಿಂತು, ಅಂಚಿನಿಂದ ನಿಧಾನಕ್ಕೆ ಇಳಿದು, ಒಂದು ಕಪ್ಪು ಕಲೆ ಮಾತ್ರ ಉಳಿಯುತ್ತಿತ್ತು. ನಾನು ಸಣ್ಣವನಿದ್ದಾಗ "ಯಾಕಜ್ಜಿ ಎಣ್ಣೆ ಹಾಳು ಮಾಡುವುದು?" ಎಂದು ಕೇಳಿದ್ದೆ. "ಅವಳೂ ಮೀಯಬೇಕಲ್ಲ ಮಗಾ" ಎಂದಿದ್ದರು, ನನ್ನ ಕಡೆ ತಿರುಗಿ ನೋಡದೆ.

ಆ ಒಂದು ಗಿಂಡಿ ಎಣ್ಣೆಯಿಂದ ಮಣ್ಣಿಗೆ ಬಹಳ ಉಪಕಾರವಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ವರ್ಷವಿಡೀ ಅದೇ ಮಣ್ಣನ್ನು ಅಗೆದು ಉಣ್ಣುವ ಮನೆಯವರು ಮೂರು ದಿನ ಅದರ ಮೇಲೆ ಕೈ ಮಾಡದೆ ಕುಳಿತರಲ್ಲ, ನನ್ನ ಲೆಕ್ಕದಲ್ಲಿ ಕೊಟ್ಟದ್ದು ಅದು. ಇವತ್ತು ನಾನು ಹೇಳಬೇಕೆಂದಿರುವುದೂ ಇಷ್ಟೇ. ನಮ್ಮ ಹಿರಿಯರು ಪ್ರಕೃತಿಗೆ ಏನನ್ನಾದರೂ ಕೊಟ್ಟಿದ್ದರೆ ಅದು ಬಹುಪಾಲು ಬಿಟ್ಟದ್ದು. ಮುಟ್ಟದೆ ಬಿಟ್ಟರು, ತೆಗೆಯದೆ ಬಿಟ್ಟರು, ಹರಿಯುವುದನ್ನು ಇಂಗಲು ಬಿಟ್ಟರು. ನಾವು ಬಿಡುವುದನ್ನು ಮರೆತು, ಕೊಡುವ ಕಾರ್ಯಕ್ರಮ ಮಾತ್ರ ಇಟ್ಟುಕೊಂಡಿದ್ದೇವೆ.

ಈಗ ಜುಲೈ. ಮಲ್ಪೆ ಬಂದರಿಗೆ ಹೋಗಿ ನೋಡಿ, ಬೋಟುಗಳೆಲ್ಲ ಒಂದಕ್ಕೊಂದು ಮೈ ತಾಗಿಸಿ ನಿಂತಿವೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೂತಾಯಿ, ಬಂಗುಡೆ ಮೀನುಗಳು ಮೊಟ್ಟೆ ಇಡುವ ಕಾಲ ಇದು. ಈಗಿನದು ಸರಕಾರದ ಕಾನೂನು, ನಿಜ. ಆದರೆ ಮಳೆಗಾಲದ ಕಡಲಿಗೆ ಕೈ ಮುಗಿದು ದಡದಲ್ಲಿ ಕೂರುವುದು, ಆಮೇಲೆ ಹಾಲು ತೆಂಗಿನಕಾಯಿ ಕೊಟ್ಟು ಸಮುದ್ರಪೂಜೆ ಮಾಡಿ ಇಳಿಯುವುದು ಮೊಗವೀರರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ವನಮಹೋತ್ಸವದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ನಾಳೆ ಬೆಳಗ್ಗೆ ಸಸಿ ಬರುತ್ತವೆ. 1950ರಲ್ಲಿ ಕೇಂದ್ರದ ಕೃಷಿ ಮಂತ್ರಿಯಾಗಿದ್ದ ಕೆ.ಎಂ. ಮುನ್ಶಿಯವರು ಇದನ್ನು ಶುರು ಮಾಡಿದರು. ಒಳ್ಳೆಯ ಕೆಲಸ. ನಾನು ಶಾಲೆಯಲ್ಲಿ ಮಾಸ್ತರನಾಗಿದ್ದಷ್ಟು ವರ್ಷ ಮಕ್ಕಳಿಂದ ಸಸಿ ನೆಡಿಸಿದ್ದೇನೆ. ಆದರೆ ಎಲ್ಲಿ ನೆಡಬಾರದು ಎಂದು ಒಂದು ದಿನವೂ ಹೇಳಿಕೊಡಲಿಲ್ಲ. ಅದು ನನಗೂ ಗೊತ್ತಿರಲಿಲ್ಲ.

ನಮ್ಮ ಪದವುಗಳನ್ನೇ, ಗುಡ್ಡೆಯ ಮೇಲಿನ ಕಲ್ಲುಬಯಲುಗಳನ್ನೇ ನೋಡಿ. ಬೇಸಿಗೆಯಲ್ಲಿ ಹೋದರೆ ಕಾದ ಕಾವಲಿಯ ಹಾಗೆ ಬರೀ ಕೆಂಪುಕಲ್ಲು, ನಾಲ್ಕು ಒಣಹುಲ್ಲು. "ಖಾಲಿ ಬಿದ್ದಿದೆ, ಗಿಡ ನೆಡುವ" ಎಂದು ಯಾರಿಗಾದರೂ ಅನಿಸುವುದೇ. ಹಾಗೆಂದೇ ಕರಾವಳಿಯ ಎಷ್ಟೋ ಗುಡ್ಡೆಗಳಿಗೆ ಅಕೇಶಿಯಾ ಹಾಕಿದರು. ಅದೇ ಪದವಿಗೆ ಈ ತಿಂಗಳು ಹೋಗಿ, ಚಪ್ಪಲಿ ಕಳಚಿ ನಡೆಯಿರಿ. ಕಲ್ಲಿನ ಮೇಲೆ ಬೆರಳುದ್ದ ನೀರು ನಿಂತಿರುತ್ತದೆ. ಬಗ್ಗಿ ನೋಡಿದರೆ ಉಗುರಿನಷ್ಟು ನೀಲಿ ಹೂಗಳು ಸಾವಿರ ಸಾವಿರ. ಕಲ್ಲಿನಲ್ಲಿ ಸಾರವಿಲ್ಲದ ಕಾರಣ ಆ ಗಿಡ ನೀರಿನಲ್ಲಿರುವ ಸಣ್ಣ ಹುಳುಗಳನ್ನು ಹಿಡಿದು ಬದುಕುತ್ತದೆ. ಪಕ್ಕದಲ್ಲೇ ಎಲೆಯ ತುಂಬ ಅಂಟುಹನಿ ಹೊತ್ತು ಕುಳಿತ ಇನ್ನೊಂದು ಗಿಡ, ಅದೂ ಹುಳ ತಿನ್ನುವಂಥದ್ದು. ಮರದ ನೆರಳು ಬಿದ್ದರೆ ಇವು ಉಳಿಯುವುದಿಲ್ಲ.

ನಮ್ಮ ಮಣಿಪಾಲದ ಕೆಂಪುಕಲ್ಲಿನ ಪದವಿನಲ್ಲೇ ಒಂದು ಕಪ್ಪೆ ಸಿಕ್ಕಿತು, 2016ರಲ್ಲಿ. ಜಗತ್ತಿಗೇ ಹೊಸದು. ಉದ್ದ 1.6 ಸೆಂಟಿಮೀಟರ್, ನನ್ನ ಹೆಬ್ಬೆರಳಿನ ಉಗುರಿನ ಮೇಲೆ ಕೂರಿಸಬಹುದು. ಕೂಗಿದರೆ ಹುಲ್ಲಿನಲ್ಲಿ ಯಾವುದೋ ಹುಳ ಕೂಗಿದ ಹಾಗೆ ಕೇಳುತ್ತದಂತೆ. ಅದಕ್ಕೆ ಕಲ್ಲಿನ ಹೆಸರನ್ನೇ ಇಟ್ಟರು, ಮೈಕ್ರೋಹೈಲ ಲ್ಯಾಟರೈಟ್ ಎಂದು. ಕಾಲೇಜು, ಆಸ್ಪತ್ರೆ, ಬಸ್ಸು ಎಲ್ಲ ಇರುವ ಊರಿನ ನಡುವೆ ಅಷ್ಟು ಕಾಲ ಅದು ಕೂಗುತ್ತಲೇ ಇತ್ತು. ಸರಕಾರಿ ಲೆಕ್ಕದಲ್ಲಿ ಅದರ ಮನೆಗೆ ಬಂಜರು ಎಂದು ಹೆಸರು. ದಯಮಾಡಿ ನಾಳೆ ಯಾರೂ ಪದವಿನ ಮೇಲೆ ಗುಂಡಿ ತೋಡಬೇಡಿ.

ಇನ್ನು ಬನದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದರಲ್ಲಿ ನನ್ನ ತಪ್ಪೂ ಇದೆ.

ನಮ್ಮ ಕುಟುಂಬದ ನಾಗಬನ, ನಾಗನ ಕಲ್ಲುಗಳನ್ನು ಇಟ್ಟು ಮರಗಳನ್ನು ಮುಟ್ಟದೆ ಬಿಟ್ಟ ತೋಪು, ಹನ್ನೆರಡು ಸೆಂಟ್ಸ್ ಜಾಗ. ನಾನು ಕಂಡಾಗ ಒಳಗೆ ಹಗಲಿನಲ್ಲೂ ಕತ್ತಲೆ. ಸುರಗಿ, ರಂಜೆ, ಹೆಬ್ಬಲಸು, ಎರಡು ಬೈನೆ ಮರ, ಅವನ್ನೆಲ್ಲ ಸುತ್ತಿಕೊಂಡ ಬೆತ್ತದ ಬಳ್ಳಿ. ಸುರಗಿಯ ಹೂ ಕೊಂಬೆಗೇ ಅಂಟಿಕೊಂಡು ಬಿಡುತ್ತದೆ, ಒಣಗಿದರೂ ವಾಸನೆ ಹೋಗುವುದಿಲ್ಲ. ಅಮ್ಮ ಅದನ್ನು ಪೋಣಿಸಿ ಬಟ್ಟೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಬೈನೆಯ ಹಣ್ಣು ತಿನ್ನಲು ರಾತ್ರಿ ಪುನುಗು ಬೆಕ್ಕು ಬರುತ್ತಿತ್ತು, ಬೆಳಗ್ಗೆ ಬನದ ದಾರಿಯ ಕಲ್ಲಿನ ಮೇಲೆ ಅದರ ಹಿಕ್ಕೆ, ಹಿಕ್ಕೆಯ ತುಂಬ ಬೀಜ. ಬೈನೆ ನೆಡುವ ಕೆಲಸವನ್ನು ಅದೇ ಮಾಡುತ್ತಿತ್ತು. ನಾಗರಪಂಚಮಿಗೆ ತನು, ಅಂದರೆ ಹಾಲು ಎಳನೀರು, ಎರೆಯಲು ಒಳಗೆ ಹೋದರೆ ಕಾಲು ಎಲೆಯ ರಾಶಿಯಲ್ಲಿ ಹೂತುಹೋಗುತ್ತಿತ್ತು. ಹಾಲು, ಎಳನೀರಿನ ಬೊಂಡ, ಹಿಂಗಾರ, ಅರಸಿನದ ಎಲೆ ಇಟ್ಟು ಹೊರಬಂದರೆ ಮುಗಿಯಿತು, ಮತ್ತೆ ವಿಶೇಷವಿಲ್ಲದೆ ಯಾರೂ ಕಾಲಿಡುತ್ತಿರಲಿಲ್ಲ. ಬಿದ್ದ ಕೊಂಬೆಯನ್ನು ಒಲೆಗೆ ತರುತ್ತಿರಲಿಲ್ಲ. ಹಾಗೆ ಎಷ್ಟು ತಲೆಮಾರು ಕಳೆದಿತ್ತೋ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಕುಟುಂಬದವರೆಲ್ಲ ಸೇರಿ ಬನವನ್ನು ಜೀರ್ಣೋದ್ಧಾರ ಮಾಡುವುದೆಂದು ನಿರ್ಣಯವಾಯಿತು. ಮುಂಬಯಿಯಲ್ಲಿದ್ದವರು, ಗಲ್ಫಿನಲ್ಲಿದ್ದವರು ಭಕ್ತಿಯಿಂದ ಹಣ ಕಳಿಸಿದರು. ಅವರ ಭಕ್ತಿಯ ಬಗ್ಗೆ ನನಗೆ ಒಂದು ಕಾಳಿನಷ್ಟೂ ಸಂಶಯವಿಲ್ಲ. ರಂಜೆ ಮರವೊಂದನ್ನು ಉಳಿಸಿ ಉಳಿದದ್ದನ್ನು ಕಡಿದೆವು. ಕಲ್ಲುಗಳಿಗೆ ಕಾಂಕ್ರೀಟಿನ ಕಟ್ಟೆ, ಸುತ್ತ ಇಂಟರ್‌ಲಾಕ್, ಮೇಲೆ ಶೀಟು. ಸಭೆಯಲ್ಲಿ ಒಪ್ಪಿಗೆ ಇದ್ದವರು ಕೈ ಎತ್ತಿ ಎಂದಾಗ ನಾನೂ ಎತ್ತಿದೆ. ಅಜ್ಜಿ ಆಗ ಇರಲಿಲ್ಲ.

ಬನದ ಕೆಳಗೆ, ಗದ್ದೆಗೆ ಇಳಿಯುವಲ್ಲಿ ನಮ್ಮ ಬಾವಿ. ಕೆಂಪುಕಲ್ಲು ಕಟ್ಟಿದ ದುಂಡು ಬಾವಿ. ಎಪ್ರಿಲ್ ನಡುವೆ ಬರುವ ತುಳು ಹೊಸವರ್ಷ, ಬಿಸುವಿನ ದಿನ ಕಣಿ ಕಂಡ ಮೇಲೆ ಆ ಬಾವಿಗೆ ಬಗ್ಗಿ, ನೀರಿನ ಮೇಲೆ ಎಷ್ಟು ಸಾಲು ಕಲ್ಲು ಕಾಣುತ್ತದೆ ಎಂದು ಎಣಿಸುವುದು ಅಪ್ಪನ ಕ್ರಮ. ಹದಿನಾಲ್ಕು ಕಂಡರೆ ಸಮಾಧಾನ, ಹದಿನೇಳು ಕಂಡರೆ ತೋಟಕ್ಕೆ ನೀರು ಹಿಡಿದು ಬಿಡಬೇಕು. ಬನ ಕಡಿದು ಐದಾರು ವರ್ಷ ಕಳೆಯುವಾಗ ಬಿಸುವಿನ ದಿನ ನನಗೆ ಎಣಿಸಲಿಕ್ಕೇ ಇರಲಿಲ್ಲ. ತಳದ ಪಾರೆ ಕಾಣುತ್ತಿತ್ತು, ಪಂಪು ಗಾಳಿ ಎಳೆಯುತ್ತಿತ್ತು.

ಬನ ಕಡಿದದ್ದರಿಂದಲೇ ಬಾವಿ ಬತ್ತಿತು ಎಂದು ನಾನು ಆಣೆ ಹಾಕಿ ಹೇಳಲಾರೆ. ಆ ಹೊತ್ತಿಗೆ ಸುತ್ತಮುತ್ತ ಬೋರ್‌ವೆಲ್ ಆಗಿದ್ದವು, ಮೇಲಿನ ಮಜಲು ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡಿದ್ದರು. ಆದರೆ ನಮ್ಮ ಕಲ್ಲಿನ ಗುಣ ಗೊತ್ತಿದ್ದವರಿಗೆ ವಿಷಯ ಅರ್ಥವಾಗುತ್ತದೆ. 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ ಸ್ಕಾಟ್ಲೆಂಡಿನ ವೈದ್ಯ ಬುಕಾನನ್ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತನ್ನು ತೆಗೆದುಕೊಂಡ, ಕಡಿದು ಕಟ್ಟುತ್ತಾರೆ ಎಂಬ ಕಾರಣಕ್ಕೆ. ನೀರಿನ ಕಣ್ಣಿನಿಂದ ನೋಡಿದರೆ ಅದು ಜೇನುಗೂಡು. ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಕೆಳಗಿನ ಜೇಡಿಮಣ್ಣಿನ ಪದರದ ಮೇಲೆ ಜಾರಿಸಿ ತೋಡಿಗೆ, ಹೊಳೆಗೆ ಬಿಟ್ಟುಬಿಡುತ್ತದೆ. ಜುಲೈಯಲ್ಲಿ ಕೈಗೆ ಎಟಕುವ ಬಾವಿ ಮಾರ್ಚಿನಲ್ಲಿ ಒಣಗುವುದು ಈ ಕಾರಣಕ್ಕೆ. ಅದರ ಮೇಲೆ ಒಂದು ಅಡಿ ಎಲೆಗೊಬ್ಬರ, ಬೇರಿನ ಬಲೆ ಇದ್ದರೆ ಮಳೆ ತಡೆದು ತಡೆದು ಇಳಿಯುತ್ತದೆ. ಇಂಟರ್‌ಲಾಕ್ ಹಾಕಿದರೆ ಇಳಿಯುವ ಮೊದಲೇ ಓಡುತ್ತದೆ.

ನಮ್ಮಲ್ಲಿ ಮಳೆ ಕಡಿಮೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಬೀಳುತ್ತದೆ. ಸಾವಿರ ಚದರ ಅಡಿಯ ಒಂದು ಮನೆಯ ಮಾಡಿನ ಮೇಲೆ ಬೀಳುವ ನೀರನ್ನು ಲೆಕ್ಕ ಹಾಕಿ, ಮೂರೂವರೆ ಲಕ್ಷ ಲೀಟರ್ ದಾಟುತ್ತದೆ. ಐದು ಜನರ ಮನೆಗೆ, ತಲೆಗೆ ದಿನಕ್ಕೆ 135 ಲೀಟರಿನಂತೆ ಹಿಡಿದರೂ, ವರ್ಷಕ್ಕೆ ಬೇಕಾಗುವುದು ಎರಡೂವರೆ ಲಕ್ಷದೊಳಗೆ. ನಾಲ್ಕು ಇಂಚು ನೀರು ನಿಲ್ಲಿಸಿದ ಒಂದು ಎಕರೆ ಏಣೆಲು (ಮಳೆಗಾಲದ ಬೆಳೆಯ) ಗದ್ದೆ ಒಂದು ಹೊತ್ತಿಗೆ ನಾಲ್ಕು ಲಕ್ಷ ಲೀಟರ್ ಹಿಡಿದುಕೊಂಡಿರುತ್ತದೆ, ಮಳೆಗಾಲ ಪೂರ್ತಿ ಹಿಡಿಯುತ್ತ, ಇಂಗಿಸುತ್ತ ಇರುತ್ತದೆ. ಅಷ್ಟೆಲ್ಲ ಇದ್ದೂ 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರಿಲ್ಲದೆ ಉಡುಪಿಯವರು ಟ್ಯಾಂಕರಿಗೆ ಕಾದರು, ಮಂಗಳೂರಿನಲ್ಲಿ ತುಂಬೆ ಅಣೆಕಟ್ಟಿನ ನೀರನ್ನು ಪಾಳಿಯ ಮೇಲೆ ಬಿಟ್ಟರು. ಅದಕ್ಕೇ 2021ರಲ್ಲಿ ಉಡುಪಿ ಸುತ್ತ ಉಳುವವರಿಲ್ಲದೆ ಹಡಿಲು ಬಿದ್ದ ಗದ್ದೆಗಳಿಗೆ ಜನ ಮತ್ತೆ ಇಳಿದು ನೇಜಿ ನೆಟ್ಟಾಗ ನನಗೆ ಭತ್ತಕ್ಕಿಂತ ನೀರಿನ ಸಂತೋಷ ಹೆಚ್ಚಾಯಿತು.

ಅದೇ 2019ರ ಆಗಸ್ಟ್. ಮಂಗಳೂರಿನ ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಸುರಿದಿದ್ದ ಕಸದ ಗುಡ್ಡೆ ಮಳೆಗೆ ಜರಿದು, ಕೆಳಗಿನ ಮಂದಾರದ ತೆಂಗು ಅಡಿಕೆ ತೋಟಗಳ ಮೇಲೆ, ಮನೆಗಳ ಮೇಲೆ ಹರಿದು ಬಂತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಮರಳಿ ಕೊಡುವುದರ ಮಾತು ಬಂದಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಯಾಕೆಂದರೆ ನಾವು ದಿನಾ ತಪ್ಪದೆ ಭೂಮಿಗೆ ಮರಳಿಸುತ್ತಿರುವುದು ಇದನ್ನೇ. ಹಸಿಕಸವನ್ನು ತೆಂಗಿನ ಬುಡಕ್ಕೆ ಹಾಕುವಷ್ಟು ಜಾಗ ಈ ಸಭೆಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಇದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗಾಡಿಗೆ ಕೊಡುವುದು ನನ್ನಿಂದ ನೋಡಲಾಗುವುದಿಲ್ಲ. ಹಿಂದೆ ಜಮೀನಿನ ಪಕ್ಕದ ಕುಮ್ಕಿ ಜಾಗದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಗದ್ದೆಯ ಬೈಹುಲ್ಲು ಮತ್ತೆ ಹಟ್ಟಿಗೆ ಹೋಗುತ್ತಿತ್ತು. ಮನೆಯಿಂದ ಹೊರಗೆ ಹೋಗಿ ಕೊಳೆಯಬೇಕಾದ್ದು ಏನೂ ಇರುತ್ತಿರಲಿಲ್ಲ.

ತೆಗೆಯುವುದಕ್ಕೂ ಒಂದು ಕ್ರಮವಿತ್ತು. ಇನ್ನೇನು ಆಟಿ ತಿಂಗಳು ಬರುತ್ತದೆ. ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲೇ ಹೋಗಿ ಕಷಾಯಕ್ಕೆ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದ ಗುದ್ದಿ ತೆಗೆಯಬೇಕು ಎನ್ನುತ್ತಾರಲ್ಲ. ಕಲ್ಲಿನಿಂದ ಗುದ್ದಿ ನೋಡಿ, ಎಷ್ಟು ಗುದ್ದಿದರೂ ಅಂಗೈಯಗಲ ಬರುತ್ತದೆ, ಒಂದು ಮನೆಯ ಕಷಾಯಕ್ಕೆ ಅಷ್ಟು ಸಾಕು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಿಂದ. ಒಂದು ಬದಿಯಲ್ಲಿ ಅಂಗೈಯಗಲ ಹೋದರೆ ಮರ ಗಾಯ ಮುಚ್ಚಿಕೊಳ್ಳುತ್ತದೆ. ಸುತ್ತಲೂ ಸುಲಿದರೆ ಬೇರು ಹಸಿದು ಸಾಯುತ್ತದೆ. ಈಗ ಕತ್ತಿ ಹಿಡಿದು ಗೋಣಿಗಟ್ಟಲೆ ಸುಲಿದು ತರುವವರಿದ್ದಾರೆ. ಕಳೆದ ವರ್ಷ ಅಮಾವಾಸ್ಯೆಯ ಮಾರನೆಯ ದಿನ ನಮ್ಮ ದಾರಿಬದಿಯ ಪಾಲೆ ಮರದ ಹತ್ತಿರ ಹೋಗಿ ನಿಂತೆ. ನೆಲದಿಂದ ನನ್ನ ಎದೆಯ ತನಕ ಬಿಳಿ ಮೈ, ಬಿಳಿ ಹಾಲು ಇಳಿದು ಬುಡದ ಹುಲ್ಲಿನ ಮೇಲೆ ಹೆಪ್ಪುಗಟ್ಟಿತ್ತು. ಈ ಮರದ ಹಲಗೆಯಲ್ಲಿ ಹಿಂದೆ ಮಕ್ಕಳು ಬರೆಯುವ ಹಲಗೆ ಮಾಡುತ್ತಿದ್ದರು, ಅದಕ್ಕೇ ಅದರ ಶಾಸ್ತ್ರೀಯ ಹೆಸರಿನಲ್ಲೇ ವಿದ್ಯೆಯ ಮಾತಿದೆ, ಅಲ್‌ಸ್ಟೋನಿಯಾ ಸ್ಕಾಲಾರಿಸ್. ಈ ಮೇ ತಿಂಗಳಲ್ಲಿ ಆ ಮರ ಪೂರ್ತಿ ಒಣಗಿತು. ಮಕ್ಕಳೇ, ಈ ಸಲ ಕಲ್ಲು ಹಿಡಿದೇ ಹೋಗಿ. ಗುರುತು ಗೊತ್ತಿರುವ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಪಾಲೆ ಎಂದು ತಪ್ಪಿ ಕಾಸರಕ ಮರದ್ದನ್ನು ತಂದರೆ ಅದರ ತೊಗಟೆ ವಿಷ.

ಬನದ ಕಥೆ ಅರ್ಧಕ್ಕೆ ಬಿಟ್ಟೆ. ಎಂಟು ವರ್ಷದ ಹಿಂದೆ ನಾನು ಕುಟುಂಬದವರ ಮುಂದೆ ಹೋಗಿ, ಕಟ್ಟೆಯನ್ನು ಮುಟ್ಟುವುದಿಲ್ಲ, ಸುತ್ತಲಿನ ಇಂಟರ್‌ಲಾಕ್ ಮಾತ್ರ ಎಬ್ಬಿಸಲು ಬಿಡಿ ಎಂದು ಕೇಳಿದೆ. ಎರಡು ವರ್ಷ ಮಾತುಕತೆಯಾಯಿತು. ನಾಗನಿಗೆ ಬಿಸಿಲು ತಾಗುತ್ತದೆ, ತಂಪು ಬೇಕು ಎಂದು ಹಿರಿಯ ಚಿಕ್ಕಮ್ಮ ಒಬ್ಬರು ಹೇಳಿದ ಮೇಲೆ ಎಲ್ಲರೂ ಒಪ್ಪಿದರು. ನಾನು ಹೇಳಿದ ನೀರಿನ ಲೆಕ್ಕ ಯಾರಿಗೂ ತಾಗಿರಲಿಲ್ಲ, ಅವರ ಒಂದು ಮಾತು ತಾಗಿತು. ಇಂಟರ್‌ಲಾಕ್ ಎಬ್ಬಿಸಿದಾಗ ಕೆಳಗಿನ ಮಣ್ಣು ಬೂದಿಯ ಹಾಗೆ, ಒಂದು ಎರೆಹುಳ ಇಲ್ಲ. ಸುರಗಿ, ನಾಗಸಂಪಿಗೆ, ಹೆಬ್ಬಲಸು ಹೀಗೆ ಒಂಬತ್ತು ಸಸಿ ನೆಟ್ಟೆವು. ಅಂಗಳ ಗುಡಿಸಿದ ತರಗೆಲೆಯನ್ನೆಲ್ಲ ಸುಡುವ ಬದಲು ಅಲ್ಲಿಗೆ ಹೊತ್ತು ಹಾಕಿದೆವು. ಮೂರನೆಯ ಮಳೆಗಾಲಕ್ಕೆ, ನಾವು ನೆಡದ ಒಂದು ಬೈನೆ ಗಿಡ ರಂಜೆಯ ಬುಡದಲ್ಲಿ ಎದ್ದು ನಿಂತಿತ್ತು. ಬೀಜ ತಂದವರು ಯಾರು ಎಂದು ನಿಮಗೆ ಗೊತ್ತು. ಅವತ್ತು ನಾನು ಆ ಗಿಡದ ಎದುರು ಬಹಳ ಹೊತ್ತು ಕುಳಿತಿದ್ದೆ.

ಬಾವಿಯಲ್ಲಿ ಹದಿನಾಲ್ಕು ಸಾಲು ಇನ್ನೂ ಬಂದಿಲ್ಲ. ಈ ವರ್ಷದ ಬಿಸುವಿಗೆ ಇಪ್ಪತ್ತೆರಡು ಎಣಿಸಿದೆ, ಕೆಳಗೆ ನೀರಿತ್ತು.

ಬಿಡುವುದಕ್ಕೂ ಮುಂಚಿತವಾಗಿ ತಯಾರಿ ಬೇಕು. ಉಡುಪಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಪರ್ಯಾಯ, ಅದಕ್ಕೆ ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ ಮಾಡಿ ಬಾಳೆ ನೆಡುತ್ತಾರೆ. ಮುಂದೆ ಬರುವವರು ಉಣ್ಣುವ ಎಲೆಯನ್ನು ಈಗಲೇ ನೆಟ್ಟಿಡುವುದು. ನಮ್ಮ ಬೈಲಿನ ತೋಡಿಗೆ ಇರುವ, ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನದೂ ಇದೇ ಲೆಕ್ಕ. ಹಿಂದೆ ಅಲ್ಲೇ ಊರವರು ಕಲ್ಲು, ಮಣ್ಣು, ಅಡಿಕೆ ಸಲಾಕೆ ಹಾಕಿ ಪ್ರತಿ ವರ್ಷ ಕಟ್ಟ ಕಟ್ಟುತ್ತಿದ್ದರು. ಆ ದಿನ ಮನೆಗೊಬ್ಬರು ಬರಲೇಬೇಕು. ಕಾಂಕ್ರೀಟಿನದು ಬಂದ ಮೇಲೆ ನಮ್ಮ ಕೆಲಸ ಹಲಗೆ ಹಾಕುವುದು ಮಾತ್ರ. ಮಳೆ ಬಿಟ್ಟು ತೋಡು ಸಣ್ಣಗಾಗುವಾಗ, ನವೆಂಬರ್ ಮುಗಿಯುವುದರೊಳಗೆ ಹಾಕಿದರೆ ನೀರು ನಿಂತು ಎರಡೂ ದಡದ ಬಾವಿಗಳಿಗೆ ಇಳಿಯುತ್ತದೆ, ಕೆಳಗಿನಿಂದ ಉಪ್ಪುನೀರು ಮೇಲೆ ಬರುವುದೂ ನಿಲ್ಲುತ್ತದೆ. ಜನವರಿಯಲ್ಲಿ ಹಾಕಿದರೆ ಹಿಡಿಯಲು ನೀರೇ ಇರುವುದಿಲ್ಲ. ಕಳೆದ ಸಲ ನಾವು ಹಾಕಿದ್ದು ಜನವರಿ ಮೊದಲ ವಾರ.

ನಾಳೆ ಬರುವ ಸಸಿಗಳಲ್ಲಿ ಇಪ್ಪತ್ತನ್ನು ನಮ್ಮ ಬನಕ್ಕೆ ಮತ್ತು ಕೆಳಗಿನ ಕೇರಿಯ ಬನಕ್ಕೆ ಕೊಡಿ, ಉಳಿದದ್ದನ್ನು ಬೇಸಿಗೆಯಲ್ಲಿ ನೀರು ಹಾಕುವವರು ಮಾತ್ರ ಮನೆಗೆ ತೆಗೆದುಕೊಂಡು ಹೋಗಲಿ. ಮತ್ತೆ ಇನ್ನೊಂದು ವಿಷಯ. ಇಲ್ಲಿಗೆ ಬಂದವನೇ ಈ ಸಭಾಭವನದ ಹಿಂದಿನ ಜಗಲಿಗೆ ಹೋಗಿ ಅಣೆಕಟ್ಟಿನ ಹಲಗೆಗಳನ್ನು ಎಣಿಸಿದೆ. ಮೂವತ್ತನಾಲ್ಕು ಇರಬೇಕಾದಲ್ಲಿ ಇಪ್ಪತ್ತೇಳು ಇವೆ. ಅದರಲ್ಲಿ ಎರಡಕ್ಕೆ ಒರಲೆ ಹಿಡಿದಿದೆ, ಗೋಡೆಯ ಬದಿಯಲ್ಲಿ ಇಟ್ಟವು. ಅವನ್ನು ಇವತ್ತೇ ಬೇರೆ ಮಾಡಿ ಇಡಬೇಕು, ಇಲ್ಲದಿದ್ದರೆ ಉಳಿದದ್ದಕ್ಕೂ ಹಬ್ಬುತ್ತದೆ. ಒಂಬತ್ತು ಹಲಗೆ ಹೊಸದಾಗಿ ಆಗಬೇಕು. ಎರಡು ನಾನು ಮಾಡಿಸಿ ತರುತ್ತೇನೆ. ಉಳಿದ ಏಳಕ್ಕೆ ಯಾರು ಯಾರು ಎಂದು ಹೊರಗೆ ಚಹಾ ಕುಡಿಯುವಾಗ ಒಂದು ಪಟ್ಟಿ ಮಾಡುವ.